ಶಾಲೆಯ ಜವಾನರು ಯಾವ ಸೈನ್ಯದವರು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಹಿಂದಿ ಪಾಠದಲ್ಲಿ ‘ಜವಾನ್’ ಅಂದರೆ ಸೈನಿಕ ಅಂತ ಓದಿಕೊಂಡು ಬಂದಳು. ‘ಹಾಗಾದ್ರೆ ನಮ್ಮ ಸ್ಕೂಲಲ್ಲಿ ಬೆಲ್ ಹೊಡೆಯೋ ಜವಾನರು ಯಾವ ಸೈನ್ಯದವರು?’ ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಅದೇ ಗುಂಗಲ್ಲಿ ಪೇಪರ್ ತೆಗೆದರೆ ಮುತ್ತಿಗೆ, ಲಗ್ಗೆ, ದಾಳಿ, ಪಾಳಯ, ರಣಕಹಳೆ! ಯುದ್ಧದ ಮಾತುಗಳು ನಮ್ಮ ದಿನಬಳಕೆಗೆ ಇಷ್ಟೊಂದು ಹೇಗೆ ಬಂದವು? ಕನ್ನಡ ಒರಟಾಗುತ್ತಿದೆಯಾ?

ಉತ್ತರ: ಮಗಳು ತಮಾಷೆಗೆ ಕೇಳಿರಬಹುದು. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಹೋಗಿ ತಾಗಿದೆ. ಯುದ್ಧದ ಪದಗಳು ಊರೊಳಗೆ ಬಂದಿದ್ದು ಯುದ್ಧ ನಡೆಯುವಾಗ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಕಂಡಂತೆ ಜಾಸ್ತಿ ಪದಗಳು ಬಂದಿದ್ದು ಯುದ್ಧ ಮುಗಿದ ಮೇಲೆ. ಸೈನಿಕನಿಗೆ ಕೆಲಸ ಹೋಯಿತು, ಅವನು ಬೇರೆ ಕೆಲಸ ಹಿಡಿದ, ಹೆಸರೂ ಅವನ ಹಿಂದೆಯೇ ಬಂತು.

ಜವಾನ ಪದದಿಂದಲೇ ಶುರು ಮಾಡೋಣ. ಇದು ಪಾರ್ಸಿ ಪದ. ಮೂಲ ಅರ್ಥ ಹರೆಯದವನು, ಅಷ್ಟೆ. ಸಂಸ್ಕೃತದ ‘ಯುವ’ ಇದರ ನೆಂಟ. ಸೈನ್ಯಕ್ಕೆ ಸೇರುವವರು ಹರೆಯದವರು, ಹಾಗಾಗಿ ಹಿಂದಿಯಲ್ಲಿ ಸೈನಿಕನಿಗೆ ಜವಾನ್ ಎಂದಾಯಿತು. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಕೊಟ್ಟ ‘ಜೈ ಜವಾನ್ ಜೈ ಕಿಸಾನ್’ ಆ ಅರ್ಥವನ್ನು ದೇಶಕ್ಕೆಲ್ಲ ಹರಡಿತು. ಕನ್ನಡದಲ್ಲಿ ಮಾತ್ರ ಅಷ್ಟರೊಳಗೆ ಜವಾನ ಕಚೇರಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಾಗಿತ್ತು. ‘ಜವಾನನಿಂದ ದಿವಾನನವರೆಗೆ’ ಅಂತ ಮಾತೇ ಇದೆಯಲ್ಲ. ಅದಕ್ಕೇ ನಮ್ಮ ಪತ್ರಿಕೆಗಳು ಗಡಿಯ ಸುದ್ದಿ ಬಂದರೆ ‘ಯೋಧ’ ಎಂದು ಬರೆಯುತ್ತವೆ. ‘ಜವಾನ’ ಎಂದರೆ ಓದುಗರ ಕಣ್ಣಿಗೆ ಫೈಲು ಹಿಡಿದವನೇ ಬರುತ್ತಾನೆ.

ಇನ್ನೂ ಮಜಾ ಏನೆಂದರೆ ಕಚೇರಿಯಲ್ಲಿ ಇವನೊಬ್ಬನೇ ಮಾಜಿ ಸೈನಿಕ ಅಲ್ಲ. ಇಂಗ್ಲಿಷಿನ ‘ಪ್ಯೂನ್’ ಬಂದಿದ್ದು ಪೋರ್ಚುಗೀಸರಿಂದ, ಅರ್ಥ ಕಾಲಾಳು. ಚೆಸ್‌ ಆಟದಲ್ಲಿ ಮುಂದೆ ಸಾಲಾಗಿ ನಿಲ್ಲುವ ‘ಪಾನ್’ ಕೂಡ ಇದೇ ಬೇರಿನದು. ಸಿಪಾಯಿ ಪಾರ್ಸಿಯ ಸೈನಿಕ, ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಅವನೂ ಜವಾನನೇ. ಜಿಲ್ಲಾಧಿಕಾರಿಗಳ ಕೋಣೆಯ ಮುಂದೆ ಬಿಳಿ ಬಟ್ಟೆ, ಪೇಟ, ಅಡ್ಡಪಟ್ಟಿ ಹಾಕಿ ನಿಲ್ಲುವ ದಫೇದಾರ್‌ರನ್ನು ನೋಡಿರುತ್ತೀರಿ. ದಫೇದಾರ ಕುದುರೆ ಸವಾರರ ತುಕಡಿಯ ಹುದ್ದೆ. ಈಗಲೂ ಭಾರತೀಯ ಸೇನೆಯ ಟ್ಯಾಂಕ್ ರೆಜಿಮೆಂಟುಗಳಲ್ಲಿ ಹವಾಲ್ದಾರನಿಗೆ ಸಮನಾದವನನ್ನು ದಫೇದಾರ ಎಂದೇ ಕರೆಯುತ್ತಾರೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ದಲಾಯತ್’ ಅಂತ ಇನ್ನೊಂದು ಹುದ್ದೆ ಇದೆ. ಢಾಲು, ಅಂದರೆ ಗುರಾಣಿ ಹಿಡಿದವನು ಅಂತ ಅದರ ಮೂಲ. ಜಮೇದಾರ್ ಅಂತೂ ಸೇನೆಯಲ್ಲಿ ಅಧಿಕಾರಿಯೇ ಆಗಿದ್ದ. 1965ರಲ್ಲಿ ಸೇನೆ ಆ ಹುದ್ದೆಯನ್ನು ನಾಯಬ್ ಸುಬೇದಾರ್ ಎಂದು ಬದಲಾಯಿಸಿತು. ನಮ್ಮ ಕಚೇರಿಗಳಲ್ಲಿ ಜಮೇದಾರ್ ಹಾಗೇ ಉಳಿದುಕೊಂಡ. ಬೆಲ್ ಒತ್ತಿ ಟೀ ತರಿಸುವ ಸಾಹೇಬರು ಒಂದು ಸಣ್ಣ ತುಕಡಿಯನ್ನೇ ಇಟ್ಟುಕೊಂಡಿದ್ದಾರೆ ಅಲ್ವಾ.

ಇದು ಹೇಗಾಯಿತು ಅನ್ನುವುದಕ್ಕೆ ಹಳೇ ಮೈಸೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಇಲಾಖೆ ಮಾಡಿದರು, ಅದೇ ‘ಅಠಾರಾ ಕಚೇರಿ’. ಅದರಲ್ಲಿ ಸೀಮೆ ಕಂದಾಚಾರ, ಬಾಗಿಲ ಕಂದಾಚಾರ ಎಂಬ ಹೆಸರುಗಳು ಬರುತ್ತವೆ. ಕಂದಾಚಾರದವರು ಎಂದರೆ ಸ್ಥಳೀಯ ಕಾಲಾಳು ಪಡೆ. ಊರಲ್ಲೇ ಇರುತ್ತಿದ್ದರು, ಕರೆ ಬಂದರೆ ಯುದ್ಧಕ್ಕೆ ಹೋಗುತ್ತಿದ್ದರು. ಯುದ್ಧ ಇಲ್ಲದಾಗ ಊರು ಕಾವಲು, ಕಂದಾಯದವರ ಜೊತೆ ಓಡಾಟ, ಹೇಳಿ ಕಳಿಸಿದ ಕಡೆಗೆ ಹೋಗಿ ಬರುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ದೊಡ್ಡ ಸೈನ್ಯ ಸಾಕುವ ಅಧಿಕಾರ ಮೈಸೂರಿಗೆ ಉಳಿಯಲಿಲ್ಲ. ಆದರೆ ಕಂದಾಚಾರದವರು ಉಳಿದರು. ಬ್ರಿಟಿಷರ ದಾಖಲೆಗಳಲ್ಲಿ ಅವರಿಗೆ ‘ಕಂದಾಚಾರ ಪ್ಯೂನ್’ ಎಂದೇ ಹೆಸರು. ಅಲ್ಲಿಂದ ಅವರು ಮಾಡಿದ್ದೆಲ್ಲ ಪೊಲೀಸ್ ಕೆಲಸ, ಕಚೇರಿ ಕೆಲಸ. ಕತ್ತಿ ಗೋಡೆಗೆ ಹೋಯಿತು, ಕಾಗದ ಕೈಗೆ ಬಂತು. ಪೊಲೀಸ್ ‘ಠಾಣೆ’ಯ ಕಥೆಯೂ ಹೀಗೇ. ಠಾಣೆ ಎಂದರೆ ಮೊದಲು ಸೈನಿಕರ ತುಕಡಿ ಬೀಡುಬಿಟ್ಟ ಜಾಗ. ತುಕಡಿ ಹೋಯಿತು, ಅಲ್ಲಿಗೆ ಇನ್‌ಸ್ಪೆಕ್ಟರ್ ಬಂದರು.

ನಡುವೆ ಒಂದು ಎಚ್ಚರಿಕೆ. ಈಗ ‘ಕಂದಾಚಾರ’ ಎಂದರೆ ಅರ್ಥವಿಲ್ಲದ ಆಚರಣೆ, ಮೂಢನಂಬಿಕೆಯ ಜೊತೆಗೆ ಹೇಳುವ ಮಾತು. ಎರಡೂ ಒಂದೇ ಪದ ಎಂದು ಹಾರಿ ತೀರ್ಮಾನಿಸಬೇಡಿ. ಉಚ್ಚಾರ ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪದಮೂಲಗಳಲ್ಲಿ ಅರ್ಧಕ್ಕರ್ಧ ಇಂಥ ಹಾರಾಟವೇ.

ಕೆಲಸದ ಜೊತೆ ದರ್ಜೆಯೂ ಇಳಿಯಿತು. ಸುಬೇದಾರ ಮೊಘಲರ ಕಾಲದಲ್ಲಿ ಒಂದು ಸುಬೆಗೆ, ಅಂದರೆ ಇಡೀ ಪ್ರಾಂತ್ಯಕ್ಕೆ ಒಡೆಯ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಬರುವಾಗ ಅವನು ಬಿಳಿ ಅಧಿಕಾರಿಗಳ ಕೈಕೆಳಗಿನ ದೇಶೀ ಅಧಿಕಾರಿ ಆಗಿದ್ದ. ನಾಯಕ ಎಂದರೆ ವಿಜಯನಗರದಲ್ಲಿ ಸೀಮೆಯನ್ನೇ ಆಳಿದವನು. ಚಿತ್ರದುರ್ಗದ ನಾಯಕರನ್ನು ಕೇಳದ ಕನ್ನಡಿಗ ಉಂಟೆ? ಅದೇ ಪದ ಸೇನೆಯಲ್ಲಿ ‘ನಾಯಕ್’ ಆಗಿ ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದೆ. ಊರೊಳಗೆ ಮಾತ್ರ ಅದಕ್ಕೆ ಬೇರೆ ಅದೃಷ್ಟ ಖುಲಾಯಿಸಿತು. ಸಿನಿಮಾದ ನಾಯಕ, ಕ್ರಿಕೆಟ್ ತಂಡದ ನಾಯಕ, ಪಕ್ಷದ ನಾಯಕ. ದಳವಾಯಿಗಳ ಮಾತು ಹೇಳುವುದೇ ಬೇಡ. ಹದಿನೆಂಟನೇ ಶತಮಾನದಲ್ಲಿ ಕಳಲೆಯ ದಳವಾಯಿಗಳಾದ ದೇವರಾಜಯ್ಯ, ನಂಜರಾಜಯ್ಯ ಮೈಸೂರು ಅರಸರನ್ನು ಹೆಸರಿಗಷ್ಟೇ ಕೂರಿಸಿ ತಾವೇ ರಾಜ್ಯ ನಡೆಸಿದರು. ಈಗ ದಳವಾಯಿ ಅನ್ನುವುದು ಮನೆತನದ ಹೆಸರು. ಕಿಲ್ಲೇದಾರ, ಹವಾಲ್ದಾರ, ಜಮಾದಾರ, ಗೋಲಂದಾಜ (ಫಿರಂಗಿ ಹಾರಿಸುವವನು) ಎಲ್ಲವೂ ಅಷ್ಟೆ. ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆಯಿರಿ, ಒಬ್ಬರಾದರೂ ಸಿಗುತ್ತಾರೆ.

ಇನ್ನು ಮುತ್ತಿಗೆ, ಲಗ್ಗೆ. ಇವು ಬೇರೆ ಜಾತಿಯ ಪದಗಳು.

ಮುತ್ತಿಗೆ ಹುಟ್ಟಿದ್ದು ರಣರಂಗದಲ್ಲಿ ಅಲ್ಲ. ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಹಲಸಿನ ತೊಳೆಗೆ ನೊಣ ಮುತ್ತುತ್ತದೆ. ಆ ‘ಮುತ್ತು’ ಕ್ರಿಯಾಪದದಿಂದ ಬಂದ ಹೆಸರು ಮುತ್ತಿಗೆ. ಅಂದರೆ ಇದು ಮನೆಯಿಂದ ಯುದ್ಧಕ್ಕೆ ಹೋಗಿ ವಾಪಸ್ ಬಂದ ಪದ. ಲಗ್ಗೆ ಹಾಗಲ್ಲ. ಕೋಟೆ ಗೋಡೆ ಹತ್ತಿ ಒಳಗೆ ನುಗ್ಗುವುದಕ್ಕೇ ಆ ಹೆಸರು.

ಇವೆರಡರ ವ್ಯತ್ಯಾಸ ಶ್ರೀರಂಗಪಟ್ಟಣದಲ್ಲಿ ಕಣ್ಣಿಗೆ ಕಟ್ಟುವಂತಿದೆ. 1799ರ ಏಪ್ರಿಲ್ ಮೊದಲ ವಾರ ಬ್ರಿಟಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಕೋಟೆಯ ಹತ್ತಿರ ಬಂದು ಬೀಡುಬಿಟ್ಟಿತು. ಅಲ್ಲಿಂದ ಸುಮಾರು ಒಂದು ತಿಂಗಳು ಮಣ್ಣು ಅಗೆಯುವ ಕೆಲಸ. ಕಂದಕ ತೋಡುವುದು, ಮೋರ್ಚೆ ಕಟ್ಟುವುದು, ಫಿರಂಗಿಗಳನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ತರುವುದು. ಹೊರಗಿನವರಿಗೇ ಅಕ್ಕಿ ಸಾಲದೆ ಬಂತು. ಮುಂಗಾರು ಶುರುವಾಗಿ ಕಾವೇರಿ ತುಂಬಿದರೆ ಎಲ್ಲಾ ನೀರುಪಾಲು ಎಂಬ ಆತಂಕ ಬೇರೆ. ಇದು ಮುತ್ತಿಗೆ. ಮೇ ಮೊದಲ ದಿನಗಳಲ್ಲಿ ಗೋಡೆ ಒಂದು ಕಡೆ ಒಡೆಯಿತು. ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಸುಡುಬಿಸಿಲಲ್ಲಿ, ಸೈನಿಕರು ಹೊಳೆಗಿಳಿದು ಓಡಿ ಆ ಬಿರುಕು ಹತ್ತಿದರು. ಗೋಡೆಯ ಮೇಲೆ ಬಾವುಟ ಏರಲು ಹಿಡಿದದ್ದು ಕೆಲವೇ ನಿಮಿಷ. ಇದು ಲಗ್ಗೆ. ಸಂಜೆಯೊಳಗೆ ಟಿಪ್ಪು ಸತ್ತಿದ್ದ.

ಈಗಿನ ಮುತ್ತಿಗೆ ನೋಡಿ. ರೈತ ಸಂಘದವರೋ ವಿದ್ಯಾರ್ಥಿಗಳೋ ‘ವಿಧಾನಸೌಧ ಮುತ್ತಿಗೆ’ ಎಂದು ಕರೆ ಕೊಡುತ್ತಾರೆ. ಪೊಲೀಸರಿಗೆ ಮೊದಲೇ ಗೊತ್ತು, ಬಸ್ಸುಗಳೂ ಸಿದ್ಧ. ಬ್ಯಾರಿಕೇಡ್ ಹತ್ತಿರ ಐದು ನಿಮಿಷ ತಳ್ಳಾಟ, ಬಸ್ಸು ಹತ್ತಿಸುವುದು, ಸಂಜೆ ಬಿಡುಗಡೆ. ಮರುದಿನ ‘ಮುತ್ತಿಗೆ ಹಾಕಲು ಯತ್ನ’. ಆ ‘ಯತ್ನ’ ಸೇರಿಸದೆ ಬರೆದ ವರದಿ ಅಪರೂಪ. ನಿಜ ಹೇಳಬೇಕೆಂದರೆ ಇಲ್ಲಿ ಪೊಲೀಸರೇ ಮುತ್ತಿದ್ದು, ಪ್ರತಿಭಟನೆಕಾರರು ನಡುವೆ ಸಿಕ್ಕವರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಊರಿಗೆ ಅನ್ನ ನೀರು ತಪ್ಪಿಸುವ ಪದ ಈಗ ಅರ್ಧ ದಿನದ ಗದ್ದಲದ ಹೆಸರಾಗಿದ್ದರೆ ಪದ ಸಾಧುವಾಗಿದೆ ಅಂತಲೇ ಲೆಕ್ಕ. ಲಗ್ಗೆಯೋ ಇನ್ನೂ ಸಾಧು. ಬೇಸಿಗೆ ಬಂದರೆ ‘ಮಾರುಕಟ್ಟೆಗೆ ಮಾವು ಲಗ್ಗೆ’ ಅಂತ ಖಾಯಂ ಸುದ್ದಿ. ಬಾದಾಮಿ, ರಸಪುರಿಗಳು ಏಣಿ ಹಾಕಿ ಗೋಡೆ ಹತ್ತುತ್ತಿರುವಂತೆ ಕಲ್ಪಿಸಿಕೊಂಡರೆ ನಗು ಬರುತ್ತದೆ.

ಲೂಟಿಯ ಪದಗಳಿಗೂ ಇದೇ ಗತಿ. ‘ಸೂರೆ’ ಎಂದರೆ ಗೆದ್ದ ಸೈನ್ಯ ಊರನ್ನು ದೋಚುವುದು. ಈಗ ಭರತನಾಟ್ಯ ‘ಮನಸೂರೆಗೊಳ್ಳುತ್ತದೆ’. ಮಂಗಳೂರು ಕಡೆ ‘ಮಕ್ಕಳದ್ದು ಭಾರೀ ಲೂಟಿ’ ಎಂದರೆ ತಂಟೆ ಜಾಸ್ತಿ ಎಂದರ್ಥ, ಏನೂ ಕಳುವಾಗಿರುವುದಿಲ್ಲ. ‘ಅವನೂ ಅವನ ಪಟಾಲಂ’ ಅನ್ನುತ್ತೇವಲ್ಲ, ಆ ಪಟಾಲಂ ಯುರೋಪಿನವರ ಬೆಟಾಲಿಯನ್. ‘ತೋಪು’ ತುರ್ಕಿಯವರ ಫಿರಂಗಿ. ಬೆಂಗಳೂರಿನ ಹುಡುಗರು ‘ನೀನೇನ್ ದೊಡ್ಡ ತೋಪಾ?’ ಎಂದು ಜಗಳಕ್ಕೆ ನಿಂತಾಗ ಅವರಿಗೆ ತುರ್ಕಿ ನೆನಪಾಗಬೇಕಿಲ್ಲ. ಫಿರಂಗಿ ಎಂಬ ಹೆಸರಂತೂ ಅದನ್ನು ಹೊತ್ತು ತಂದವರದು. ಯುರೋಪಿನ ‘ಫ್ರಾಂಕ್’ ಜನರ ಹೆಸರು ಅರಬ್ಬರು, ಪಾರ್ಸಿಯವರ ಬಾಯಲ್ಲಿ ‘ಫಿರಂಗಿ’ ಆಯಿತು. ಕಡಲು ದಾಟಿ ಬಂದ ಪೋರ್ಚುಗೀಸರು ಪರಂಗಿಗಳು, ಅವರು ತಂದ ಕೋವಿ ಫಿರಂಗಿ, ಅವರು ತಂದ ಹಣ್ಣು ಪರಂಗಿ ಹಣ್ಣು. ಹಿತ್ತಲಲ್ಲಿ ಪಪ್ಪಾಯಿ ಗಿಡ ಇದ್ದರೆ ಮಗಳಿಗೆ ತೋರಿಸಿ ಹೇಳಿ. ಫಿರಂಗಿಗೂ ಆ ಹಣ್ಣಿಗೂ ಒಂದೇ ಹೆಸರು.

ಸೈನ್ಯದ ಪದಗಳು ಹಬ್ಬದ ಬಟ್ಟೆ ಹಾಕಿಕೊಂಡು ನಿಂತಿರುವುದನ್ನು ನೋಡಬೇಕಾದರೆ ಮೈಸೂರು ದಸರಾಕ್ಕೆ ಹೋಗಿ. ಆನೆಗಳು ಕಾಡಿನ ಶಿಬಿರಗಳಿಂದ ಬಂದ ದಿನದಿಂದ ಅವು ಪತ್ರಿಕೆಗಳಲ್ಲಿ ‘ಗಜಪಡೆ’. 2020ರಲ್ಲಿ ಮೊದಲ ಸಲ ಅಂಬಾರಿ ಹೊತ್ತ ಅಭಿಮನ್ಯುವಿಗೆ ‘ಕ್ಯಾಪ್ಟನ್’ ಎಂಬ ಬಿರುದು. 750 ಕೆ.ಜಿ. ಅಂಬಾರಿ ಹೊರುವ ಮೊದಲು ಮರಳಿನ ಮೂಟೆ ಹೊರಿಸಿ ನಡೆಸುವ ‘ತಾಲೀಮು’. ಅದು ಅರಬ್ಬಿಯ ‘ಕಲಿಕೆ’, ನಮ್ಮಲ್ಲಿ ಕುಸ್ತಿ ಗರಡಿಗೂ ನಾಟಕದ ಅಭ್ಯಾಸಕ್ಕೂ ಅದೇ ಹೆಸರು. ಆನೆ, ಕುದುರೆಗಳು ಸದ್ದಿಗೆ ಬೆದರಬಾರದು ಅಂತ ಮೊದಲೇ ಫಿರಂಗಿ ಹಾರಿಸಿ ರೂಢಿ ಮಾಡಿಸುತ್ತಾರೆ. ವಿಜಯದಶಮಿಯಂದು 21 ಸುತ್ತು ‘ಕುಶಾಲತೋಪು’. ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಕುಶಾಲಿಗೆ ಹಾರಿಸುವ ತೋಪು! ಕೊಲ್ಲುವ ಕೆಲಸವನ್ನು ಹೆಸರಲ್ಲೇ ಬಿಡಿಸಿ ಹಾಕಿದ್ದಾರೆ. ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ‘ಕವಾಯತು’. ಅರಬ್ಬಿಯಲ್ಲಿ ‘ಕವಾಯಿದ್’ ಎಂದರೆ ನಿಯಮಗಳು. ನಿಯಮದಂತೆ ಹೆಜ್ಜೆ ಹಾಕುವುದು ಕವಾಯತು ಆಯಿತು.

ಇದೆಲ್ಲಕ್ಕಿಂತ ಹಿಂದಿನ ದಿನ ಇನ್ನೂ ಚೆಂದ. ಮಳೆಗಾಲ ಮುಗಿದು ದಾರಿ ಒಣಗಿದ ಮೇಲೆ ಅರಸರು ದಂಡಯಾತ್ರೆ ಹೊರಡುವ ಕಾಲ ಅದು, ಅದಕ್ಕೇ ಆಯುಧಪೂಜೆ. ಈಗ ಕತ್ತಿ ಇರುವುದು ಅರಮನೆಯಲ್ಲಿ ಮಾತ್ರ. ಉಳಿದವರ ಆಯುಧ ಸ್ಕೂಟರ್, ಲೇತ್ ಮಷೀನು, ಹೊಲಿಗೆ ಯಂತ್ರ, ಲ್ಯಾಪ್‌ಟಾಪ್. ಸರ್ಕಾರಿ ಬಸ್ಸು ಬಾಳೆಕಂದು ಕಟ್ಟಿಕೊಂಡು ನಿಲ್ಲುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಕುಂಕುಮ ಹಾಕಿದ ಬೂದುಗುಂಬಳ. ‘ಆಯುಧ’ ಎಂಬ ಪದ ಅನ್ನ ಕೊಡುವ ಸಲಕರಣೆ ಎಂಬ ಅರ್ಥಕ್ಕೆ ಬಂದು ಕೂತಿದೆ. ಯಾರೂ ಸಭೆ ಸೇರಿ ಬದಲಾಯಿಸಿದ್ದಲ್ಲ. ಜನ ತಮ್ಮ ಪಾಡಿಗೆ ಬದಲಾಯಿಸಿದರು.

ಊರುಗಳ ಹೆಸರಲ್ಲೂ ಸೈನ್ಯ ಬೀಡುಬಿಟ್ಟಿದೆ. ಸಂಸ್ಕೃತದ ‘ದಂಡ’ ಎಂದರೆ ಕೋಲು. ಅದೇ ಕೋಲಿಂದ ಶಿಕ್ಷೆ ಬಂತು, ಜುಲ್ಮಾನೆ ಬಂತು, ಸೈನ್ಯವೂ ಬಂತು. ಬ್ರಿಟಿಷರು ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ 1809ರಲ್ಲಿ ತಮ್ಮ ಪಡೆಯನ್ನು ಬೆಂಗಳೂರಿಗೆ ತಂದರು. ಜನ ಆ ಜಾಗವನ್ನು ‘ದಂಡು’ ಎಂದರು. 1864ರಲ್ಲಿ ಅಲ್ಲಿಗೆ ಜೋಲಾರಪೇಟೆಯಿಂದ ರೈಲು ಬಂತು. ಇಂದಿಗೂ ಅದು ಬೆಂಗಳೂರು ದಂಡು ನಿಲ್ದಾಣ. ಮೈಸೂರಲ್ಲಿ ಲಷ್ಕರ್ ಮೊಹಲ್ಲಾ, ಬೆಳಗಾವಿಯಲ್ಲಿ ಕ್ಯಾಂಪ್. ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಹೋಗುವವರು ಬಟ್ಟೆ ಕೊಳ್ಳಲು ಹೋಗುತ್ತಾರೆ. ಊರ ತುಂಬ ಇರುವ ‘ಪಾಳ್ಯ’ಗಳೂ ಮೂಲದಲ್ಲಿ ಪಾಳೆಯ, ಅಂದರೆ ಸೈನ್ಯದ ಬಿಡಾರ. ಅರಸ ಕರೆದಾಗ ಆಳು, ಕುದುರೆ ತಂದು ನಿಲ್ಲಿಸಬೇಕಾದವನು ಪಾಳೆಯಗಾರ. ಪಕ್ಷಗಳ ‘ಪಾಳಯದಲ್ಲಿ ತಳಮಳ’ ಅಲ್ಲಿಂದಲೇ ಬಂದದ್ದು. ‘ಪಾಳೇಗಾರಿಕೆ’ ಮಾತ್ರ ಬೈಗುಳವಾಗಿ ಉಳಿಯಿತು. ಬಹುಶಃ ನ್ಯಾಯವಾಗಿಯೇ.

ಪತ್ರಿಕೆಗಳಲ್ಲಿ ಇವು ಇಷ್ಟೊಂದು ಯಾಕೆ ಎಂದಿರಿ. ಕಾರಣ ಬಹಳ ಸರಳ, ಜಾಗ ಕಮ್ಮಿ. ‘ಟೀಕೆ’ ಸಪ್ಪೆ, ‘ವಾಗ್ದಾಳಿ’ ಖಾರ, ಎರಡೂ ಅದೇ ಜಾಗದಲ್ಲಿ ಹಿಡಿಯುತ್ತವೆ. ಯುದ್ಧಕ್ಕೆಂದು ಭೇರಿ ಬಾರಿಸುವವರು, ಕಹಳೆ ಊದುವವರು ಯಾರೂ ಉಳಿದಿಲ್ಲ. ಆದರೂ ಚುನಾವಣೆ ಬಂದರೆ ಕಹಳೆ ಮೊಳಗಬೇಕು, ಗೆದ್ದವರು ಜಯಭೇರಿ ಬಾರಿಸಲೇಬೇಕು. ಇದು ಸುಮ್ನೆ ಅಭ್ಯಾಸ. ಒಂದು ಬಳಕೆಗೆ ಮಾತ್ರ ನನ್ನ ತಕರಾರಿದೆ: ‘ಕಾಡಾನೆ ದಾಳಿ’. ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಜನ ಸಾಯುತ್ತಿರುವುದು ನಿಜ, ಅವರ ಸಂಕಟ ದೊಡ್ಡದು. ಆದರೆ ದಾಳಿ ಎಂದರೆ ಶತ್ರು ಲೆಕ್ಕ ಹಾಕಿ ಬಂದ ಎಂದಾಗುತ್ತದೆ. ಆನೆ ಹಳೇ ದಾರಿ ಹುಡುಕಿಯೋ ಹಸಿದೋ ಬಂದಿರುತ್ತದೆ. ‘ದಾಳಿ’ ಎಂದು ಬರೆದ ಕೂಡಲೇ ಮುಂದಿನ ಪ್ರಶ್ನೆ ‘ಹೇಗೆ ಓಡಿಸುವುದು’ ಎಂದಷ್ಟೇ ಆಗಿಬಿಡುತ್ತದೆ.

ಹಾಗಾದರೆ ಕನ್ನಡ ಒರಟಾಗುತ್ತಿದೆಯಾ? ಹಳೇ ಪದಗಳಿಂದಂತೂ ಇಲ್ಲ. ‘ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರ್ತೀನಾ’ ಎಂಬ ಗಾದೆ ಕಟ್ಟಿದವರು ದಂಡನ್ನೂ ದಾಳಿಯನ್ನೂ ಕಣ್ಣಾರೆ ಕಂಡವರ ಪೈಕಿ. ಅವರೇ ಅದನ್ನು ಹಾಸ್ಯಕ್ಕೆ ಬಳಸಿದರು. ‘ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂದು ಈಗ ಪರೀಕ್ಷೆ ಮುಗಿದ ಮೇಲೆ ಪುಸ್ತಕ ಹಿಡಿದ ಮಗನಿಗೆ ಹೇಳುತ್ತೇವೆ.

ನನಗೆ ಅನುಮಾನ ಇರುವುದು ಹೊಸ ಪದಗಳ ಮೇಲೆ. ಇವು ಸೈನಿಕನ ಹಿಂದೆ ತಾವಾಗಿ ಬಂದವಲ್ಲ, ಯಾರೋ ಉದ್ದೇಶ ಇಟ್ಟುಕೊಂಡು ತಂದವು. ಗಡಿಯಾಚೆ ‘ಸರ್ಜಿಕಲ್ ಸ್ಟ್ರೈಕ್’ ನಡೆಯಿತೆಂದು ಸೇನೆ ಹೇಳಿದ್ದು 2016ರ ಸೆಪ್ಟೆಂಬರ್ 29ರಂದು. ಆರು ವಾರ ತುಂಬುವ ಮೊದಲೇ, ನವೆಂಬರ್ 8ರಂದು ನೋಟು ರದ್ದಾಯಿತು. ಅದಕ್ಕೂ ‘ಕಪ್ಪುಹಣದ ಮೇಲೆ ಸರ್ಜಿಕಲ್ ಸ್ಟ್ರೈಕ್’ ಎಂಬ ಹೆಸರು ಬಿತ್ತು. ಆಪರೇಷನ್ ಥಿಯೇಟರಿನ ಪದ ಸೇನೆಗೆ ಹೋಗಿ ಅಲ್ಲಿಂದ ಬ್ಯಾಂಕಿನ ಕ್ಯೂಗೆ ಬಂತು. ಹೀಗೆ ಹೆಸರಿಟ್ಟ ಮೇಲೆ ಬಿಸಿಲಲ್ಲಿ ನಿಂತು ಗೊಣಗುವವನು ಯುದ್ಧದ ಹೊತ್ತಲ್ಲಿ ಗೊಣಗಿದಂತೆ ಆಗುತ್ತದೆ, ನೋಡಿ.

ಕೊರೊನಾ ಕಾಲದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಂಡಿತು. ಪಾಲಿಕೆಗೊಂದು ‘ವಾರ್ ರೂಂ’ ಬಂತು. ಆಶಾ ಕಾರ್ಯಕರ್ತೆಯರು, ನರ್ಸುಗಳು, ಪೌರಕಾರ್ಮಿಕರು ರಾತ್ರೋರಾತ್ರಿ ‘ಕೊರೊನಾ ಯೋಧರು’ ಆದರು. 2020ರ ಮೇ 3ರಂದು ಸೇನಾ ಹೆಲಿಕಾಪ್ಟರುಗಳು ದೇಶದ ಹಲವು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಅದೇ ವರ್ಷ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ಕೇಳಿದ್ದು ತಿಂಗಳಿಗೆ ಖಾತರಿಯಾಗಿ 12,000 ರೂಪಾಯಿ ಗೌರವಧನ, ಜೊತೆಗೆ ಮಾಸ್ಕ್, ಗ್ಲೌಸ್‌ನಂಥ ಸುರಕ್ಷತಾ ಸಾಮಗ್ರಿ. ಸೇನೆಯ ಯೋಧನಿಗೆ ಆಗ ಸಂಬಳ, ಪಿಂಚಣಿ, ಸಮವಸ್ತ್ರ ಎಲ್ಲಾ ಇತ್ತು. ಆದರೆ ಅವನು ಮುಷ್ಕರ ಮಾಡುವಂತಿಲ್ಲ. ಇವರಿಗೆ ಆ ಹೆಸರಿನ ಜೊತೆ ಬಂದದ್ದು ಮುಷ್ಕರ ಮಾಡಬಾರದು ಎಂಬ ಆ ಕೊನೆಯ ನಿರೀಕ್ಷೆ ಒಂದೇ. ‘ಇಂಥ ಹೊತ್ತಲ್ಲಿ ಯೋಧರು ದುಡ್ಡು ಕೇಳ್ತಾರಾ’ ಎಂಬ ಮಾತು ಏಳುವುದೇ ಆ ಹೆಸರಿನಿಂದ. ಅವರನ್ನು ಕೆಲಸಗಾರರು ಎಂದೇ ಕರೆದಿದ್ದರೆ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂದಾಗಿರುತ್ತಿತ್ತು.